ಅಕ್ಕೋರ ಮನೆಯ ಬ್ಯಾಟರಿಗಳು

ಮೊನ್ನೆ ಮನೆಯ ಇನ್ವರ್ಟರ್ ಬ್ಯಾಟರಿಗೆ ನೀರು ಹಾಕಲು ಮೆಕ್ಯಾನಿಕ್ ಬಂದಿದ್ದ. ಮುಚ್ಚಳಗಳನ್ನು ಒಂದೊಂದಾಗಿ ಬಿಚ್ಚಿ ಪಕ್ಕಕ್ಕಿಡುತ್ತಿದ್ದಂತೆ ಕೋಣೆಯ ತುಂಬ ಆಸಿಡ್ಡಿನ ವಾಸನೆ ಎದ್ದಿತು. ಹುಳಿ ಎನ್ನಲಾಗದ, ಸುಟ್ಟದ್ದು ಎನ್ನಲೂ ಆಗದ, ಮೂಗಿನ ತುದಿಯಲ್ಲಿ ಚುರುಕ್ಕೆಂದು ಗಂಟಲಿಗೆ ಇಳಿಯುವ ವಾಸನೆ ಅದು. ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಗೆ ಹೋದಳು. ನಾನು ಅಲ್ಲೇ ಕೂತೆ. ಆ ವಾಸನೆಯಲ್ಲೇ ನನ್ನ ಪ್ರಾಯದ ದಿನಗಳೆಲ್ಲ ಕಳೆದವು. ಸಿಂಧನೂರಿನಲ್ಲಿ ನನ್ನದೊಂದು ಬ್ಯಾಟರಿ ಚಾರ್ಜಿಂಗ್ ಅಂಗಡಿ ಇತ್ತು. ಅದನ್ನು ಮುಚ್ಚಿ ಎಷ್ಟೋ ಕಾಲವಾಯಿತು. ಆದರೂ ಈ ವಾಸನೆ ಬಂದರೆ ನನಗೆ ಅಂಗಡಿ ನೆನಪಾಗುವುದಿಲ್ಲ. ಅಕ್ಕೋರು ನೆನಪಾಗುತ್ತಾರೆ...

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಎಂದೇ ಕರೆಯುವುದು. ಅವರು ಮಸ್ಕಿ ಹತ್ತಿರದ ಒಂದು ಶಾಲೆಯಲ್ಲಿ ಗಣಿತ ಹೇಳುತ್ತಿದ್ದರು. ತೊಂಬತ್ತರ ದಶಕದ ನಡುವಿನ ಮಾತು ಇದು. ಒಂದು ಬೇಸಿಗೆಯ ಮಧ್ಯಾಹ್ನ, ಮಸ್ಕಿ ಬಸ್ಸಿನಿಂದ ಇಳಿದು, ಗೋಣಿಚೀಲದಲ್ಲಿ ಸುತ್ತಿದ ಬ್ಯಾಟರಿಯನ್ನು ಎರಡೂ ಕೈಯಿಂದ ಹೊಟ್ಟೆಗೆ ಒತ್ತಿ ಹಿಡಿದುಕೊಂಡು ನನ್ನ ಅಂಗಡಿಗೆ ಬಂದರು. ಲಾರಿಯ ಬ್ಯಾಟರಿ ಗಂಡಸರೇ ಎತ್ತಲು ಹಿಂದೆಮುಂದೆ ನೋಡುವಷ್ಟು ಭಾರ. ಅಂಗಡಿ ಮುಂದೆ ಕೂತಿದ್ದ ಟ್ರ್ಯಾಕ್ಟರಿನವರು ಎದ್ದು ನಿಂತರು. ನಾನು ಓಡಿಹೋಗಿ ಇಸಕೊಂಡೆ. ಚೀಲ ತೆಗೆದಾಗ ನೋಡಿದರೆ ಆಸಿಡ್ ಸೋರಿ ಅವರ ಸೀರೆಯ ಮುಂಭಾಗ ಅಲ್ಲಲ್ಲಿ ಜಾಳಾಗಿ ಹೋಗಿತ್ತು. ಅವರು ಅದನ್ನು ನೋಡಿಯೂ ಇರಲಿಲ್ಲ.

"ತಮ್ಮಾ, ಇದನ್ನ ಪೂರ್ತಿ ತುಂಬಿಸಿ ಕೊಟ್ರ ಒಂದು ಫ್ಯಾನು ಎಷ್ಟೊತ್ತು ತಿರಗತೈತಿ?" ಎಂದು ಕೇಳಿದರು.

"ಯಾವ ಫ್ಯಾನ್ರಿ ಅಕ್ಕೋರೆ?"

"ಲಾರಿ ಡ್ರೈವರ್‌ಗೋಳು ಮುಂದ ಹಾಕ್ಕೊಂತಾರಲ್ಲ, ಸಣ್ಣದು, ಅದು. ರಾತ್ರಿ ಪೂರಾ ತಿರಗಬೇಕು. ನಡುವ ನಿಂದ್ರಬಾರದು."

ಬಿಸಿಲಿಗೆ ಯಾರೋ ಫ್ಯಾನಿನ ಸುಖ ಬಯಸಿದ್ದಾರೆ ಅಂದುಕೊಂಡೆ. ನಿಲ್ಲಬಾರದು ಎಂದು ಅವರು ಎರಡನೆಯ ಸಲ ಅಂದಾಗ ಮುಖ ನೋಡಿದೆ. ಇದು ಸುಖದ ಮಾತಲ್ಲ ಎಂದು ಆಗ ತಿಳಿಯಿತು.

ಅವರ ಗಂಡ ಹಿಂದೆ ಬೋರ್‌ವೆಲ್ ಲಾರಿಯಲ್ಲಿ ಕೆಲಸ ಮಾಡುತ್ತಿದ್ದವರು. ಊರೂರು ತಿರುಗಿ ನೆಲ ಕೊರೆಯುವ ಕೆಲಸ. ಬಂಡೆ ಹತ್ತಿದಾಗ ಏಳುವ ಬಿಳಿ ಪುಡಿಯಲ್ಲಿ ಹಗಲೂ ರಾತ್ರಿ ನಿಂತು, ಅದೇ ಪುಡಿಯನ್ನು ವರ್ಷಗಟ್ಟಲೆ ನುಂಗಿದವರು. ಅಕ್ಕೋರ ಶಾಲೆಯ ಅಂಗಳದಲ್ಲಿ ಕೈಪಂಪಿನ ಬೋರು ಹಾಕಲು ಬಂದಾಗಲೇ ಇಬ್ಬರಿಗೂ ಪರಿಚಯವಾದದ್ದು. ಜಾತಿ ಬೇರೆ. ಮದುವೆಯಾದ ದಿನದಿಂದ ಎರಡೂ ಮನೆಯವರು ಅವರ ಹೆಸರೆತ್ತಲಿಲ್ಲ. ಕೆಲವು ವರ್ಷ ಚೆನ್ನಾಗಿ ಕಳೆದವು. ಆಮೇಲೆ ಆತನಿಗೆ ಕೆಮ್ಮು ಶುರುವಾಯಿತು. ಬರಬರುತ್ತಾ ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಲಿಂಗಸುಗೂರಿನ ಡಾಕ್ಟರು ನೋಡಿ, ಇದು ಕ್ಷಯವಲ್ಲ, ಯಾರಿಗೂ ಅಂಟುವುದಿಲ್ಲ, ಎದೆಯಲ್ಲಿ ಕಲ್ಲಿನ ಪುಡಿ ಕೂತಿದೆ, ಇದಕ್ಕೆ ಔಷಧ ಇಲ್ಲ ಅಂದರು. ಆ ಮಾತನ್ನು ಮಸ್ಕಿಯಲ್ಲಿ ಯಾರೂ ನಂಬಲಿಲ್ಲ. ಬಾಡಿಗೆ ಮನೆಯವರು ಒಬ್ಬರಾದ ಮೇಲೆ ಒಬ್ಬರು, "ಸಣ್ಣ ಹುಡುಗರದಾವ್ರಿ ನಮ್ಮನ್ಯಾಗ" ಎಂದು ಮನೆ ಬಿಡಿಸಿದರು. ಕೊನೆಗೆ ಅಕ್ಕೋರು ಊರ ಹೊರಗೆ ಒಂದು ತುಂಡು ಜಾಗ ತೆಗೆದುಕೊಂಡು, ನಾಲ್ಕು ಗೋಡೆ ಎಬ್ಬಿಸಿ, ಮೇಲೆ ತಗಡು ಹೊದಿಸಿದರು. ಕರೆಂಟಿನ ಕಂಬ ಅಲ್ಲಿಗೆ ಬಹಳ ದೂರ.

ಕರೆಂಟಿಲ್ಲದ ಮನೆಗೆ ಆತನನ್ನು ಒಯ್ದ ಮೇಲೆ ಅವರಿಗೆ ಒಂದು ಸಂಗತಿ ಗೊತ್ತಾಯಿತು. ಮುಖಕ್ಕೆ ನೇರವಾಗಿ ಗಾಳಿ ಬೀಸುತ್ತಿದ್ದರೆ ಮಾತ್ರ ಆತನಿಗೆ ಉಸಿರು ಸಿಕ್ಕಂತಾಗುತ್ತಿತ್ತು. ಗಾಳಿ ನಿಂತರೆ ನೀರಲ್ಲಿ ಮುಳುಗಿದವರ ಹಾಗೆ ಕೈ ಬಡಿಯುತ್ತಿದ್ದರಂತೆ.

ಅಷ್ಟು ಹೇಳಿ ಅವರು ನನ್ನ ಅಂಗಡಿಯ ಬೆಂಚಿನ ಮೇಲೆ ಕೂತರು. ನಾನು ನೀರು ಕೊಟ್ಟೆ.

ಮುಂದಿನ ಭಾನುವಾರ ನಾನೇ ಮಸ್ಕಿಗೆ ಹೋದೆ. ಅಷ್ಟು ಚಿಕ್ಕ ಮನೆಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಒಂದೇ ಕೋಣೆ. ಒಂದು ಮೂಲೆಯಲ್ಲಿ ಒಲೆ, ಒಂದು ಮೂಲೆಯಲ್ಲಿ ನೀರಿನ ಕೊಡಗಳು, ಉಳಿದ ಜಾಗದಲ್ಲಿ ಒಂದು ಮಂಚ. ಮಂಚದ ಮೇಲೆ ಮಡಿಚಿದ ಕೌದಿಗಳ ರಾಶಿಗೆ ಬೆನ್ನು ಕೊಟ್ಟು ಆತ ಕೂತಿದ್ದರು. ಅಗಲ ಭುಜದ, ಒಂದು ಕಾಲಕ್ಕೆ ಕಬ್ಬಿಣದ ಪೈಪು ಹೆಗಲ ಮೇಲೆ ಹೊತ್ತಿದ್ದ ಆಳು. ಈಗ ಅಂಗಿಯ ಒಳಗೆ ಬರೀ ಎಲುಬು. ಮುಂದೆ ಸ್ಟೂಲಿನ ಮೇಲೆ ಆ ಸಣ್ಣ ಫ್ಯಾನು. ನನ್ನನ್ನು ನೋಡಿ ನಕ್ಕರು.

"ಬಾ ತಮ್ಮಾ. ಭೂಮಿಗಿ ತೂತು ಹಾಕಿದಾಂವನ ಎದಿಗೆ ಈಗ ಗಾಳಿ ಹೋಗಾಕ ತೂತಿಲ್ಲ ನೋಡು," ಎಂದರು. ಅಷ್ಟು ಮಾತಿಗೇ ದಮ್ಮು ಹತ್ತಿತು.

ಅಕ್ಕೋರು ಅದಾಗಲೇ ಲಿಂಗಸುಗೂರಿನಿಂದ ಒಂದು ಸೋಲಾರ್ ಪ್ಲೇಟು ತಂದು ತಗಡಿನ ಮೇಲೆ ಕಟ್ಟಿಸಿದ್ದರು. ಬೀದಿಗೆ ಸೋಲಾರ್ ದೀಪ ಹಾಕುವ ಗುತ್ತಿಗೆದಾರರೊಬ್ಬರ ಬಳಿ ಉಳಿದದ್ದು. ಆಗಿನ ಕಾಲದಲ್ಲಿ ಅಂಥದು ನಮ್ಮ ಕಡೆ ಹುಡುಕಿದರೂ ಸಿಗುತ್ತಿರಲಿಲ್ಲ. ಅಂಗೈ ಅಗಲದ ಪ್ಲೇಟೇನಲ್ಲ, ಆದರೆ ದೊಡ್ಡದೂ ಅಲ್ಲ. ಒಂದು ದೀಪಕ್ಕೆ ಎಂದು ಮಾಡಿದ್ದು. ಅದರ ಮೇಲೆ ಒಂದು ಜೀವ ನಿಂತಿತ್ತು.

ಹಗಲು ಹೊತ್ತು ಪ್ಲೇಟಿನಿಂದಲೇ ಫ್ಯಾನು ಹೇಗೋ ತಿರುಗುತ್ತಿತ್ತು. ಹಾಗೆ ತಿರುಗಿಸಿ ಉಳಿದದ್ದಷ್ಟೇ ಬ್ಯಾಟರಿಗೆ. ಆ ಉಳಿದದ್ದರಲ್ಲಿ ಇಡೀ ರಾತ್ರಿ ಕಳೆಯಬೇಕು. ನಡುರಾತ್ರಿಗೆಲ್ಲ ಫ್ಯಾನು ನಿಧಾನವಾಗಿ, ರೆಕ್ಕೆಗಳು ಒಂದೊಂದಾಗಿ ಕಾಣಿಸತೊಡಗಿ, ನಿಂತುಬಿಡುತ್ತಿತ್ತು.

"ಇನ್ನೊಂದು ಬ್ಯಾಟರಿ ಹಾಕಿದ್ರ?" ಅಕ್ಕೋರು ಕೇಳಿದರು.

"ಅಕ್ಕೋರೆ, ಬ್ಯಾಟರಿ ಅಂದ್ರ ಕೊಡ ಇದ್ದಂಗ. ಪ್ಲೇಟು ಅಂದ್ರ ನಳ. ನಳದಾಗ ಸಣ್ಣಗ ನೀರು ಬರಾಕತ್ತಿದ್ರ, ಕೊಡ ಎಷ್ಟಿಟ್ರೂ ನೀರು ಅಷ್ಟ. ಪ್ಲೇಟ ಇನ್ನೊಂದು ಬೇಕ್ರಿ."

"ನಳ ಎಲ್ಲಿಂದ ತರ್ಲಿ ತಮ್ಮಾ? ಲಿಂಗಸೂರಿಗಿ ಮೂರು ಸರ್ತಿ ಹೋಗಿಬಂದೀನಿ. ಸದ್ಯಕ್ಕ ಬರಂಗಿಲ್ಲ ಅಂತಾರ. ಸಿಗಾದು ಕೊಡ ಒಂದ. ಅದನ್ನರ ಇಡ್ತೀನಿ. ಸಾಲಿಗಿ ರಜಾ ಇದ್ದ ದಿನ ನಿನ್ನ ಹತ್ರ ತುಂಬಿಸ್ಕೊಂಡು ಬಂದು ಇಡ್ತೀನಿ."

ಅದೂ ಒಂದು ದಾರಿಯೇ. ಎರಡನೆಯ ಬ್ಯಾಟರಿ ಹೊಸದು ತಂದರು. ಎರಡನ್ನೂ ಜೋಡಿಸಿ, ಯಾವುದನ್ನೂ ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ, ಪೂರಾ ಬರಿದು ಮಾಡಿದರೆ ಬೇಗ ಸಾಯುತ್ತವೆ ಎಂದು ಹೇಳಿದೆ. ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ಗಂಡ ಉಸಿರಿಗೆ ಬಾಯಿ ತೆರೆದಾಗ ಯಾವ ಹೆಂಡತಿ ಬ್ಯಾಟರಿ ಅರ್ಧಕ್ಕೆ ಬಂತೆಂದು ಫ್ಯಾನು ನಿಲ್ಲಿಸುತ್ತಾಳೆ?

ಕೆಲವು ದಿನ ಸುಧಾರಿಸಿತು. ಮತ್ತೆ ಸಾಲದೆ ಬಂತು. ಆಗ ಅವರು ನನ್ನನ್ನು ಕೇಳದೆ ಒಂದು ತಪ್ಪು ಮಾಡಿದರು. ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಲಾರಿ ಬ್ಯಾಟರಿಯೊಂದನ್ನು ತಂದು ಉಳಿದೆರಡರ ಜೊತೆಗೆ ತಂತಿ ಕೂಡಿಸಿಬಿಟ್ಟರು. ಮೂರಾದರೆ ಒಂದೂವರೆ ಪಟ್ಟು ಹೊತ್ತು ಬರುತ್ತದೆ ಎನ್ನುವುದು ಅವರ ಲೆಕ್ಕ. ಲೆಕ್ಕ ಸರಿಯೇ ಇತ್ತು, ಬ್ಯಾಟರಿಗಳು ಲೆಕ್ಕದ ಹಾಗೆ ನಡೆಯುವುದಿಲ್ಲ. ಒಳಗೆ ಸತ್ತ ಸೆಲ್ಲುಗಳಿದ್ದ ಆ ಹಳೆಯದು ಚೆನ್ನಾಗಿದ್ದವುಗಳ ಶಕ್ತಿಯನ್ನೆಲ್ಲ ತಾನು ಎಳೆದುಕೊಂಡು ಕೂತಿತು. ಮೊದಲು ನಡುರಾತ್ರಿ ನಿಲ್ಲುತ್ತಿದ್ದ ಫ್ಯಾನು ಊಟದ ಹೊತ್ತಿಗೇ ನಿಂತಿತು.

ಬೆಳಗಿನ ಮೊದಲ ಬಸ್ಸಿಗೆ ಅಕ್ಕೋರು ಅಂಗಡಿಗೆ ಬಂದರು. ಕಣ್ಣು ಕೆಂಡದ ಹಾಗಿದ್ದವು. ಬಲಗೈ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡಿದ್ದರು. ರಾತ್ರಿಯೆಲ್ಲ ಬೀಸಣಿಗೆ ಬೀಸಿ ಬಾತಿತ್ತು.

"ಮೂರದಾವು. ಒಂದಕ್ಕೂ ಜೀವ ಇಲ್ಲ. ಏನು ಮಾಡ್ಲಿ ಹೇಳು. ನಾ ಏನು ಮಾಡ್ಲಿ?"

ಬೈಯಲು ಬಾಯಿ ಬರಲಿಲ್ಲ. ಅಂಗಡಿ ಮುಚ್ಚಿ ಅದೇ ಬಸ್ಸು ತಿರುಗಿ ಹೊರಟಾಗ ಅವರ ಜೊತೆ ಹೋದೆ. ಹಳೆಯದನ್ನು ಬಿಚ್ಚಿ ಅಂಗಳಕ್ಕೆ ಎಸೆದೆ. ಉಳಿದೆರಡನ್ನು ಸಿಂಧನೂರಿಗೆ ತಂದು ನಿಧಾನವಾಗಿ ಚಾರ್ಜು ಕೊಟ್ಟು ಬದುಕಿಸಿದೆ. ಅಲ್ಲಿಯವರೆಗೆ ಇರಲಿ ಎಂದು ನನ್ನ ಅಂಗಡಿಯದೊಂದನ್ನು ಅವರ ಮನೆಯಲ್ಲಿ ಬಿಟ್ಟಿದ್ದೆ. ಆವತ್ತೇ ಒಂದು ಹೈಡ್ರೋಮೀಟರನ್ನೂ ಅವರಿಗೆ ಕೊಟ್ಟೆ. ಮೇಲೆ ರಬ್ಬರಿನ ಬುಗ್ಗೆ ಇರುವ ಗಾಜಿನ ಕೊಳವೆ. ಬುಗ್ಗೆ ಒತ್ತಿ ಬಿಟ್ಟರೆ ಬ್ಯಾಟರಿಯೊಳಗಿನ ಆಸಿಡ್ ಕೊಳವೆಗೆ ಏರುತ್ತದೆ, ಅದರಲ್ಲೊಂದು ಗಾಜಿನ ಬುರುಡೆ ತೇಲುತ್ತದೆ. ಬ್ಯಾಟರಿ ತುಂಬಿದ್ದರೆ ಬುರುಡೆ ಮೇಲೆ ನಿಲ್ಲುತ್ತದೆ, ಬರಿದಾಗಿದ್ದರೆ ಮುಳುಗುತ್ತದೆ. ಒಂದು ಸಲ ತೋರಿಸಿದ್ದಕ್ಕೆ ಅಕ್ಕೋರು ಕಲಿತುಬಿಟ್ಟರು. ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಬುರುಡೆ ನೋಡುವುದು ಅವರಿಗೆ ದೇವರಿಗೆ ದೀಪ ಹಚ್ಚಿದ ಹಾಗಾಯಿತು.

ಆ ಬೇಸಿಗೆಯ ಕೊನೆಗೆ, ರಜೆ ಮುಗಿದು ಶಾಲೆ ತೆರೆದ ಹೊತ್ತಿಗೆ, ನಡೆದದ್ದನ್ನು ನಾನು ಮರೆಯಲಾರೆ.

ಬ್ಯಾಟರಿಗಳು ಇದ್ದಕ್ಕಿದ್ದಂತೆ ಚೆನ್ನಾಗಿ ನಡೆಯತೊಡಗಿದವು. ಅಕ್ಕೋರು ಶೇಂಗಾ ಹೋಳಿಗೆ ಕಟ್ಟಿಕೊಂಡು ಅಂಗಡಿಗೆ ಬಂದರು. "ಬೆಳಗ ಮಟ ಫ್ಯಾನು ನಿಲ್ಲವಲ್ದು ತಮ್ಮಾ. ನನಗೂ ಕಣ್ಣು ಹತ್ತಾಕತ್ತ್ಯಾವು," ಅಂದರು. ಅವರು ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ನನಗೂ ಹಿಗ್ಗು. ಅದು ಹೇಗೆ ಸಾಲುತ್ತಿದೆ ಎಂದು ಒಳಗೊಳಗೆ ಸೋಜಿಗವಿದ್ದರೂ ಸುಮ್ಮನಿದ್ದೆ.

ಮುಂದಿನ ವಾರ ಮತ್ತೆ ಬಂದರು. ಕೈಯಲ್ಲಿ ಏನೂ ಇರಲಿಲ್ಲ. ಬೆಂಚಿನ ಮೇಲೆ ಕೂತರು. ಆಮೇಲೆ ನಿಧಾನವಾಗಿ ಕೇಳಿದರು.

"ತಮ್ಮಾ, ರಾತ್ರಿ ಪೂರಾ ಫ್ಯಾನು ತಿರುಗಿದ್ರ ಮುಂಜಾನಿ ಬುರುಡಿ ಎಲ್ಲಿ ಇರಬೇಕು?"

"ಅರ್ಧಕ್ಕಿಂತ ಕೆಳಗ್ರಿ. ನಿಮ್ಮ ಪ್ಲೇಟಿಗಿ ಅಷ್ಟ."

"ನಮ್ಮನ್ಯಾಗ ಮ್ಯಾಲ ನಿಂತಿರತೈತಿ. ವಾರಾತು, ದಿನಾ ನೋಡಾಕತ್ತೀನಿ. ಉಳೀಬಾರದಷ್ಟು ಉಳದೈತಿ. ಲೆಕ್ಕ ಕೂಡವಲ್ದು."

ಬ್ಯಾಟರಿಯಿಂದ ಖರ್ಚಾಗಬೇಕಾದದ್ದು ಖರ್ಚಾಗುತ್ತಿಲ್ಲ. ಅಂದರೆ ಫ್ಯಾನು ತಿರುಗುತ್ತಿಲ್ಲ. ನಾನು ತಲೆ ಎತ್ತಿ ಅವರನ್ನು ನೋಡಿದೆ. ಅವರಿಗೆ ಅದು ನನಗಿಂತ ಮುಂಚೆಯೇ ಗೊತ್ತಾಗಿತ್ತು. ಹೇಳುವವರೊಬ್ಬರು ಬೇಕಾಗಿತ್ತು, ಅಷ್ಟೆ. ಸೆರಗನ್ನು ಬಾಯಿಗೆ ತುರುಕಿಕೊಂಡು ಅಳತೊಡಗಿದರು. ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು...

"ಸ್ವಿಚ್ ತೆಗೆದು ಹಾಕು ಬಾ," ಎಂದರು ಕೊನೆಗೆ. "ಈಗ, ಇವತ್ತ."

ನಾವು ಹೋದಾಗ ಆತ ಎಂದಿನ ಹಾಗೆ ಕೌದಿಗಳಿಗೆ ಒರಗಿ ಕೂತಿದ್ದರು. ಸ್ವಿಚ್ಚು ಅವರ ಕೈಗೆಟುಕುವ ಗೋಡೆಯಲ್ಲೇ ಇತ್ತು. ನಾನು ಸ್ಕ್ರೂಡ್ರೈವರ್ ತೆಗೆದದ್ದು ನೋಡಿ ಅವರಿಗೆ ಎಲ್ಲ ಅರ್ಥವಾಯಿತು.

"ಬ್ಯಾಡ ತಮ್ಮಾ. ಅದೊಂದು ನನ್ನ ಕೈಯಾಗ ಇರ್ಲಿ."

"ತೆಗೀ," ಅಂದರು ಅಕ್ಕೋರು.

"ಕೇಳಿಲ್ಲಿ," ಆತ ಹೆಂಡತಿಗಲ್ಲ, ನನಗೆ ಹೇಳಿದರು. ಒಂದೊಂದು ಮಾತಿಗೂ ನಡುವೆ ನಿಂತು, ಗಾಳಿ ಹುಡುಕಿ, ಹೇಳಿದರು. "ಫ್ಯಾನು ನಿಂತು ನನಗ ದಮ್ಮು ಹತ್ತಿದ ಸಪ್ಪಳಕ್ಕ ಅಕಿ ಎದ್ದು ಕುಂದರ್ತಾಳ. ಬೀಸಣಗಿ ಹಿಡೀತಾಳ. ಬೆಳಕಾಗೂ ಮಟ ಬೀಸ್ತಾಳ. ಮತ್ತ ಜಳಕ ಮಾಡಿ ಸಾಲಿಗಿ ಹೋಗಿ ದಿನಾ ನಿಂತು ಪಾಠ ಮಾಡ್ತಾಳ. ಎಷ್ಟು ದಿನ ಮಾಡ್ಯಾಳು? ನಾ ಹೆಂಗಿದ್ರೂ ಹೋಗಾಂವ. ಅಕಿ ನಿದ್ದಿ ಹತ್ತಿದ ಮ್ಯಾಲ ನಾನ ಬಂದ್ ಮಾಡ್ತೀನಿ. ಅಕಿ ಏಳೂ ಹೊತ್ತಿಗಿ ಮತ್ತ ಹಚ್ತೀನಿ. ಬಾಯಿಗೆ ಟವೆಲ್ ಇಟ್ಕೊಂಡ್ರ ಸಪ್ಪಳ ಆಗಂಗಿಲ್ಲ."

ನನ್ನ ಕೈ ನಿಂತೇಬಿಟ್ಟಿತು. ಅಕ್ಕೋರು ನನ್ನ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡರು. ತಾವೇ ಸ್ವಿಚ್ಚು ಬಿಚ್ಚಿದರು. ತಂತಿಗಳನ್ನು ಹೇಗೆ ಕೂಡಿಸಬೇಕೆಂದು ನನ್ನನ್ನು ಕೇಳಿದರು. ನಾನು ಹೇಳಿದೆ. ಕೂಡಿಸಿ, ಟೇಪು ಸುತ್ತಿ, ಆಮೇಲೆ ಗಂಡನ ಕಡೆ ತಿರುಗಿದರು.

"ನನ್ನ ನಿದ್ದಿಗೆ ನಿಮ್ಮ ಉಸುರು ಕೊಡಾಕ ಯಾರು ಹೇಳಿದ್ರು ನಿಮಗ? ಯಾರು ಕೇಳಿದ್ರು?"

ಅಕ್ಕೋರು ಮಂಚದ ಅಂಚಿಗೆ ಕೂತು ಅವರ ಮೊಣಕಾಲಿಗೆ ಹಣೆ ಹಚ್ಚಿದರು. ನಾನು ಹೊರಗೆ ಬಂದು ಬಿಸಿಲಲ್ಲಿ ನಿಂತೆ. ನಿಲ್ಲಲು ಅಲ್ಲಿ ನೆರಳೇ ಇರಲಿಲ್ಲ.

ಇನ್ನು ಬ್ಯಾಟರಿ ಹೆಚ್ಚಿಸದೆ ಗತಿಯಿರಲಿಲ್ಲ. ನಾನು ಅಂಗಡಿಗೆ ಬರುವವರ ಮುಂದೆಲ್ಲ ಈ ಮಾತು ಎತ್ತಿದೆ. ಗೊರೇಬಾಳದ ಹಿರಿಯ ರೈತರೊಬ್ಬರು ಕೇಳಿಸಿಕೊಂಡು, "ಕಾಲುವಿಗಿ ನೀರು ಬರೂ ಮಟ ನನ್ನ ಟ್ಯಾಕ್ಟರ್ ಸುಮ್ನ ನಿಂತಿರತೈತಿ. ಬ್ಯಾಟರಿ ಬಿಚ್ಚಿ ಒಯ್ಯಿ," ಎಂದರು. ಅವರನ್ನು ನೋಡಿ ಕಾಲುವೆ ನೀರಿಗೆಂದು ಹೊರಗಿನಿಂದ ಬಂದು ನೆಲೆಸಿದ ರೈತರ ಪಕ್ಕದ ಕ್ಯಾಂಪಿನವರೊಬ್ಬರು ತಮ್ಮದನ್ನೂ ಕೊಟ್ಟರು. ಮಸ್ಕಿ ಕಡೆಯ ಬಸ್ಸಿನ ಕಂಡಕ್ಟರೊಬ್ಬರಿಗೆ ವಿಷಯ ಹೇಳಿದೆ. ಅವರು ಹಿಂದಿನ ಸೀಟಿನ ಕೆಳಗೆ ಜಾಗ ಮಾಡಿದರು. ತುಂಬಿದ ಬ್ಯಾಟರಿ ಬೆಳಿಗ್ಗೆ ಹೋಗುವುದು, ಬರಿದಾದದ್ದು ಸಂಜೆ ಬರುವುದು. ನಾನು ರಾತ್ರಿ ಚಾರ್ಜಿಗೆ ಹಾಕಿ ಮತ್ತೆ ಕಳಿಸುವುದು. ಮಸ್ಕಿಯ ನಿಲುಗಡೆಯಲ್ಲಿ ಅಕ್ಕೋರು ಕೈಗಾಡಿ ಹಿಡಿದು ಕಾಯುತ್ತಿದ್ದರು. ಆ ದಿನಗಳಲ್ಲಿ ಫ್ಯಾನು ಒಂದು ರಾತ್ರಿಯೂ ನಿಲ್ಲಲಿಲ್ಲ. ಆತ ಸ್ವಲ್ಪ ಗೆಲುವಾದರು ಎಂದು ಕೂಡ ಅನ್ನಿಸಿತು. ಒಂದು ಭಾನುವಾರ ನನಗೆ ಬೋರು ಹಾಕುವ ಕಥೆಗಳನ್ನು ಹೇಳಿದರು. ನೆಲದಾಳದಿಂದ ಮೊದಲ ನೀರು ಚಿಮ್ಮಿದಾಗ ಊರಿನವರೆಲ್ಲ ಮೈ ತೋಯಿಸಿಕೊಂಡು ಕುಣಿಯುತ್ತಿದ್ದರಂತೆ. "ಅದೊಂದು ಘಳಿಗಿಗಿ ಆ ಕೆಲಸ ಬಿಡಾಕ ಆಗಲಿಲ್ಲ ನೋಡು," ಅಂದರು.

ಆಮೇಲೆ ಮಳೆಗಾಲ ಬಂತು. ಕಾಲುವೆಗೆ ನೀರು ಬಿಟ್ಟರು. ಗದ್ದೆಗೆ ರೊಳ್ಳೆ ಹೊಡೆದು ಕೆಸರು ಮಾಡಲು ಟ್ರ್ಯಾಕ್ಟರುಗಳೆಲ್ಲ ಒಮ್ಮೆಗೇ ಬೇಕಾದವು. ಗೊರೇಬಾಳದ ಹಿರಿಯರು ಅಂಗಡಿಗೆ ಬಂದು ಬಾಗಿಲ ಹೊರಗೇ ನಿಂತರು. ಒಳಗೆ ಬರಲು ಅವರಿಗೆ ಮನಸ್ಸಾಗಲಿಲ್ಲ. "ನಾಟಿ ಹೊತ್ತು ತಪ್ಪಿದ್ರ ವರ್ಷದ ಅನ್ನ ಹೋಗತೈತಿ ತಮ್ಮಾ," ಎಂದರು. ಬ್ಯಾಟರಿಗಳು ತಿರುಗಿ ಹೋದವು. ಅದೇ ಹೊತ್ತಿಗೆ ಮೋಡ ಕವಿಯಿತು. ನಮ್ಮ ಕಡೆ ಮಳೆ ಅಪರೂಪ, ಬಂದರೂ ಬಂದು ಹೋಗುತ್ತದೆ. ಆ ಸಲ ಹೋಗಲಿಲ್ಲ. ಹಗಲೂ ಮುಸ್ಸಂಜೆಯಂಥ ಬೆಳಕು. ಪ್ಲೇಟಿನಿಂದ ಏನೂ ಬರುತ್ತಿರಲಿಲ್ಲ. ಸಿಂಧನೂರಿನಲ್ಲೂ ಗಾಳಿಗೆ ತಂತಿ ಹರಿದು ಕರೆಂಟು ಹೋಯಿತು. ನನ್ನ ಚಾರ್ಜರು ಸತ್ತು ಕೂತಿತು.

ಅಕ್ಕೋರು ತೋಯ್ದು ತೊಪ್ಪೆಯಾಗಿ ಬಂದರು. ಅಂಗಡಿಯಲ್ಲಿ ಸಾಲಾಗಿದ್ದ ಬರಿದಾದ ಬ್ಯಾಟರಿಗಳನ್ನು ನೋಡಿದರು, ನನ್ನನ್ನು ನೋಡಿದರು.

"ಏನರ ಮಾಡು ತಮ್ಮಾ. ಏನರ ಮಾಡು. ನನ್ನ ಕೈ ಬೀಸಾಕ ಒಲ್ಲೆ ಅನ್ನಾಕತ್ತೈತಿ."

ನನ್ನಲ್ಲಿ ಏನೂ ಇರಲಿಲ್ಲ. ಆದರೂ ಇಲ್ಲ ಎನ್ನುವ ಧೈರ್ಯವಾಗಲಿಲ್ಲ. ಹೊರಗೆ ಭತ್ತದ ಗಿರಣಿಯ ಲಾರಿ ನಿಂತಿತ್ತು. ಲಿಂಗಸುಗೂರಿಗೆ ಹೊರಟಿತ್ತು. ಡ್ರೈವರಿನ ಕೈ ಹಿಡಿದು ಕೇಳಿಕೊಂಡೆ. ಅವನ ಲಾರಿಯ ಡೈನಮೋಗೆ ತಂತಿ ಹಾಕಿ ಅಕ್ಕೋರ ಎರಡು ಬ್ಯಾಟರಿಗಳನ್ನು ಕ್ಯಾಬಿನ್ನಿನಲ್ಲಿಟ್ಟು, ಇಂಜಿನ್ನಿನ ಶಕ್ತಿಯಲ್ಲೇ ತುಂಬಿಸುತ್ತ ಹೋದೆವು. ಲಿಂಗಸುಗೂರು ತಲುಪಿ, ಮಾಲು ಇಳಿಸಿ, ತಿರುಗಿ ಮಸ್ಕಿಗೆ ಬರುವಷ್ಟರಲ್ಲಿ ಅಷ್ಟೋ ಇಷ್ಟೋ ಜೀವ ಬಂದಿತ್ತು. ಮಳೆ ನಿಲ್ಲುವ ತನಕ ಹೀಗೆಯೇ ನಡೆಯಿತು. ಒಂದು ದಿನ ಈ ಲಾರಿ, ಇನ್ನೊಂದು ದಿನ ಮತ್ತೊಂದು. ಯಾವ ಡ್ರೈವರೂ ಒಲ್ಲೆನೆನ್ನಲಿಲ್ಲ. ಇದ್ದ ಶಕ್ತಿಯಲ್ಲಿ ಅರ್ಧ ರಾತ್ರಿ ಫ್ಯಾನು, ಉಳಿದರ್ಧ ಬೀಸಣಿಗೆ. ಹೀಗೆ ಅಕ್ಕೋರು ಆತನನ್ನು ಆ ಮೋಡದಡಿಯಿಂದ ಹೇಗೋ ಈಚೆಗೆ ಎಳೆದು ತಂದರು.

ಮೋಡ ಹರಿದು ಬಿಸಿಲು ಬಿತ್ತು. ತೊಳೆದಿಟ್ಟಂಥ ಬಿಸಿಲು. ಪ್ಲೇಟಿನ ಮೇಲಿನ ಧೂಳೆಲ್ಲ ಹೋಗಿ ಬ್ಯಾಟರಿಗಳು ಕುದಿಯುವಂತೆ ತುಂಬಿದವು. ಅದೇ ವಾರ ಲಿಂಗಸುಗೂರಿನಿಂದ ಗುತ್ತಿಗೆದಾರರು ಹೇಳಿಕಳಿಸಿದರು. ಎರಡನೆಯ ಪ್ಲೇಟು ಬಂದಿತ್ತು.

ನಾನೇ ಹೋಗಿ ತಂದೆ. ಮಸ್ಕಿಯಲ್ಲಿ ಇಳಿದು ಮನೆಗೆ ಹೋದಾಗ ಅಕ್ಕೋರು ಶಾಲೆಗೆ ಹೋಗಿದ್ದರು. ಆತ ಪ್ಲೇಟನ್ನು ಮಡಿಲಲ್ಲಿ ಇರಿಸಿಕೊಂಡು ಅಂಗೈಯಿಂದ ಸವರಿದರು. ಅವರ ಮುಖ ಅದರಲ್ಲಿ ಕಾಣುತ್ತಿತ್ತು. ಅಂಗಿಯ ತೋಳಿನಿಂದ ಒರೆಸಿ ನನಗೆ ಕೊಟ್ಟರು. ನಾನು ನಿಚ್ಚಣಿಕೆ ಹಾಕಿಕೊಂಡು ತಗಡಿನ ಅಂಚಿಗೆ ಏರಿದೆ. ಕಬ್ಬಿಣದ ಪಟ್ಟಿಗೆ ಬೋಲ್ಟು ಬಿಗಿದು, ತಂತಿ ಕೂಡಿಸಿದೆ. ಕೂಡಿಸಿದ ಕೂಡಲೇ ಒಳಗಿನ ಫ್ಯಾನಿನ ಸದ್ದು ಬದಲಾಯಿತು. ಅದುವರೆಗೆ ಗುನುಗುತ್ತಿದ್ದದ್ದು ಒಮ್ಮೆಗೇ ಜೋರಾಯಿತು. ನನಗೆ ಎಷ್ಟು ಖುಷಿಯಾಯಿತೆಂದರೆ ಮೇಲಿನಿಂದಲೇ ಕೂಗಿದೆ.

"ಅಣ್ಣಾರ, ಕೇಳಿಸ್ತಿಲ್ಲೋ? ಇನ್ನ ಮೋಡ ಬಂದ್ರೂ ಅಂಜಿಕಿ ಇಲ್ರಿ. ಬೇಕಾದ್ರ ಇನ್ನೊಂದು ಫ್ಯಾನು ಹಾಕ್ಕೋಬಹುದು ಈಗ!"

ಉತ್ತರ ಬರಲಿಲ್ಲ. ದಮ್ಮಿಗೆ ಮಾತಾಡಲು ಆಗಿರಲಿಕ್ಕಿಲ್ಲ ಅಂದುಕೊಂಡೆ. ಉಳಿದ ಬೋಲ್ಟುಗಳನ್ನೂ ಬಿಗಿದೆ. ಇಳಿದು ಬಂದು ಬಾಗಿಲಲ್ಲಿ ನಿಂತೆ. ಆತ ಕೌದಿಗಳಿಗೆ ಒರಗಿ ಹಾಗೆಯೇ ಕೂತಿದ್ದರು, ಮುಖ ಫ್ಯಾನಿನ ಕಡೆಗಿತ್ತು. ಕೊರಳಲ್ಲಿದ್ದ ಟವೆಲ್ಲಿನ ತುದಿ ಗಾಳಿಗೆ ಪಟಪಟ ಬಡಿಯುತ್ತಿತ್ತು. ಬೇರೆ ಏನೂ ಅಲ್ಲಾಡುತ್ತಿರಲಿಲ್ಲ...

ಶಾಲೆ ದೂರವಿರಲಿಲ್ಲ. ಆದರೆ ಆ ದಾರಿ ನಡೆದದ್ದು ನನಗೆ ನೆನಪಿಲ್ಲ. ಅಕ್ಕೋರು ಬೋರ್ಡಿನ ಮುಂದೆ ನಿಂತಿದ್ದರು. ಕಿಟಕಿಯಲ್ಲಿ ನನ್ನನ್ನು ಕಂಡವರೇ ಹೊರಗೆ ಬಂದರು. ಸೀಮೆಸುಣ್ಣ ಹಿಡಿದ ಕೈಯನ್ನು ಗೋಡೆಗೆ ಊರಿ ನಿಂತು ಒಂದೇ ಮಾತು ಕೇಳಿದರು.

"ಫ್ಯಾನು ನಿಂತಿತ್ತೇನು?"

"ಇಲ್ರಿ ಅಕ್ಕೋರೆ. ತಿರಗಾಕತ್ತಿತ್ತು. ಜೋರಾಗೇ ತಿರಗಾಕತ್ತಿತ್ತು."

ಮನೆಗೆ ಬಂದ ಮೇಲೆ ಅವರು ಮೊದಲು ಆತನ ಬಳಿ ಹೋಗಲಿಲ್ಲ. ಫ್ಯಾನಿನ ಮುಂದೆ ನಿಂತು ಅಂಗೈ ಒಡ್ಡಿದರು. "ಇಷ್ಟು ಚಲೋ ಗಾಳಿ ಯಾವತ್ತೂ ಬಂದಿದ್ದಿಲ್ಲ," ಅಂದರು. ಆಮೇಲೆ ಕುಸಿದು ಕೂತರು.

ಮಣ್ಣಿಗೆ ಎರಡೂ ಮನೆಯವರು ಬರಲಿಲ್ಲ. ಗೊರೇಬಾಳದ ಹಿರಿಯರು ನಾಟಿ ನಿಲ್ಲಿಸಿ ಟ್ರ್ಯಾಕ್ಟರು ತಂದರು. ಬಸ್ಸಿನ ಕಂಡಕ್ಟರು ಬಂದರು. ಲಾರಿಯ ಡ್ರೈವರು ಬಂದ, ಶಾಲೆಯ ಮಾಸ್ತರರು ಬಂದರು. ಮನೆ ಬಿಡಿಸಿದ್ದ ಮಾಲೀಕರಲ್ಲಿ ಒಬ್ಬರು ಬಂದು ದೂರದಲ್ಲಿ ನಿಂತು ಕೈಮುಗಿದು ಹೋದರು.

ಹಲವು ದಿನಗಳಾದ ಮೇಲೆ ಅಕ್ಕೋರು ನನ್ನನ್ನು ಕರೆಸಿದರು. ಕೋಣೆಯಲ್ಲಿ ಮಂಚ ಇರಲಿಲ್ಲ. ಬ್ಯಾಟರಿಗಳನ್ನು ಒರೆಸಿ ಬಾಗಿಲ ಬಳಿ ಸಾಲಾಗಿ ಇಟ್ಟಿದ್ದರು.

"ಒಯ್ಯಿ ತಮ್ಮಾ. ಯಾರಿಗರ ಬೇಕಾದವ್ರಿಗಿ ಕೊಡು."

"ಒಂದರ ಇಟ್ಕೋರಿ ಅಕ್ಕೋರೆ. ರಾತ್ರಿ ದೀಪಕ್ಕ ಬೇಕಲ್ಲ."

"ಬ್ಯಾಡ. ಮದ್ಲ ಕತ್ತಲಾದ್ರ ಅಂಜ್ತಿದ್ದೆ, ಬ್ಯಾಟರಿ ಮುಗೀತೈತಿ ಅಂತ. ಈಗ ಅಂಜೂದು ಏನೈತಿ?"

ಬಸ್ ನಿಲುಗಡೆಯ ತನಕ ಕೈಗಾಡಿ ತಳ್ಳಿಕೊಂಡು ಅವರೂ ಬಂದರು. ಬಸ್ಸು ಹೊರಟಾಗ ನನ್ನ ತಲೆಯ ಮೇಲೆ ಕೈಯಿಟ್ಟು ಏನೋ ಹೇಳಿದರು. ಇಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ. ಇನ್ನೊಮ್ಮೆ ಬಂದಾಗ ಕೇಳಿದರಾಯಿತು ಅಂದುಕೊಂಡೆ. ಆದರೆ ಬೇಸಿಗೆ ರಜೆಯಲ್ಲಿ ಅವರಿಗೆ ಬೇರೆ ಕಡೆ ವರ್ಗವಾಯಿತು. ಎಲ್ಲಿಗೆಂದು ಶಾಲೆಯಲ್ಲಿ ಒಬ್ಬರು ಒಂದು ಊರು ಹೇಳಿದರು, ಇನ್ನೊಬ್ಬರು ಮತ್ತೊಂದು. ಆ ಮನೆಗೆ ಬಹಳ ದಿನ ಬೀಗವಿತ್ತು. ಆಮೇಲೆ ತಗಡೂ ಇರಲಿಲ್ಲ.

ಹೋದ ತಿಂಗಳು ಲಿಂಗಸುಗೂರಿನಿಂದ ಬರುವಾಗ, ಯಾಕೋ ಮಸ್ಕಿಯಲ್ಲಿ ಇಳಿದೆ. ಆ ಕಡೆಗೆಲ್ಲ ಈಗ ಓಣಿಗಳಾಗಿವೆ. ಒತ್ತೊತ್ತಾಗಿ ಮನೆಗಳು, ಮನೆಮನೆಗೂ ಕರೆಂಟು. ಎಲ್ಲಿ ಆ ಒಂದು ಕೋಣೆ ಇತ್ತೆಂದು ಅಳೆದು ನೋಡಿದೆ, ಗುರುತು ಹತ್ತಲಿಲ್ಲ. ನಾನು ಹಿಂದೆಮುಂದೆ ತಿರುಗುವುದನ್ನು ನೋಡಿ ಬಟ್ಟೆ ಒಣಹಾಕುತ್ತಿದ್ದ ಹೆಣ್ಣುಮಗಳೊಬ್ಬಳು ಕೇಳಿದಳು.

"ಯಾರು ಬೇಕಾಗಿತ್ರಿ ಅಜ್ಜಾರ?"

"ಹಿಂದ ಇಲ್ಲೊಬ್ರು ಅಕ್ಕೋರು ಇದ್ರವ್ವ. ಗಂಡಗ ಆರಾಮಿದ್ದಿಲ್ಲ."

"ನಮ್ಮ ಅತ್ತಿನ ಕೇಳಬೇಕಿತ್ರಿ, ಆದ್ರ ಅಕಿ ತೀರಿಕೊಂಡಾಳ," ಅಂದಳು. ಕೈಯಲ್ಲಿದ್ದ ಬಟ್ಟೆ ಕೊಡವಿ ತಂತಿಗೆ ಹಾಕಿದಳು. ಆಮೇಲೆ, "ನಿಮಗೇನಾಗ್ಬೇಕ್ರಿ ಅವರು?" ಎಂದು ಕೇಳಿದಳು.

"ಅಕ್ಕ," ಅಂದೆ.

"ಈಗ ಎಲ್ಲದಾರ್ರಿ?"

ಅಕ್ಕನೆಂದು ಹೇಳಿಕೊಂಡ ಮೇಲೆ, ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ ಗೊತ್ತಿಲ್ಲ ಎಂದು ಆ ಹೆಣ್ಣುಮಗಳಿಗೆ ಹೇಗೆ ಹೇಳುವುದು... ಬಸ್ಸಿನ ಹೊತ್ತಾಯಿತೆಂದು ನಡೆದುಬಿಟ್ಟೆ.